ಎಪ್ಪತ್ತರ ಗೆರೆ: ಶಾಲಾ ಮಕ್ಕಳ ಬುದ್ಧಿ ಪರೀಕ್ಷೆ ಯಾರಿಗೆ ನ್ಯಾಯ ಒದಗಿಸುತ್ತಿದೆ?

ಮಲೆನಾಡ ಮೇಷ್ಟ್ರು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಸಹಶಿಕ್ಷಕ. 2019ರಲ್ಲಿ ನಡೆದ ಒಂದು ಸಂಗತಿ ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲವಾದ್ದರಿಂದ, ವಿಷಯ ಬಲ್ಲವರು ಯಾರಾದರೂ ತಿಳಿಸಿಕೊಡಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ನನ್ನ ಐದನೇ ತರಗತಿಯಲ್ಲಿ ಓದಿನಲ್ಲಿ ತೀರಾ ಹಿಂದುಳಿದ ಇಬ್ಬರು ಹುಡುಗರಿದ್ದರು. ಇಬ್ಬರಿಗೂ ಕಾಗುಣಿತ ಕೈಗೆ ಹತ್ತಿರಲಿಲ್ಲ; ಕೂಡುವ ಲೆಕ್ಕದಲ್ಲಿ ದಶಕ ಬಂದರೆ ಇಬ್ಬರೂ ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದರು. ನಮ್ಮ ಬ್ಲಾಕಿನ ಬಿಐಇಆರ್‌ಟಿ ಶಿಕ್ಷಕರು (ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು) ಬಂದು ನೋಡಿ, ಜಿಲ್ಲಾ ಕೇಂದ್ರದಲ್ಲಿ ನಡೆಯುವ ತಪಾಸಣೆಗೆ ಇಬ್ಬರ ಹೆಸರನ್ನೂ ಬರೆಸಿದರು. ಬೆಳಗಿನ ಆರು ಗಂಟೆಯ ಬಸ್ಸಿನಲ್ಲಿ ಮಕ್ಕಳನ್ನೂ ಅವರ ತಾಯಂದಿರನ್ನೂ ನಾನೇ ಕರೆದುಕೊಂಡು ಹೋದೆ. ಒಬ್ಬ ದಾರಿಯ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡ. ಇನ್ನೊಬ್ಬ ಕಿಟಕಿಯ ಪಕ್ಕ ಕುಳಿತು ಆರಾಮವಾಗಿ ಬಂದ. ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡೂವರೆ ಆಗಿತ್ತು. ವಾಂತಿ ಮಾಡಿಕೊಂಡವನಿಗೆ 68 ಬಂತು, ಆರಾಮವಾಗಿ ಬಂದವನಿಗೆ 71. ಮೊದಲನೆಯವನಿಗೆ ಶೇ 50ರಷ್ಟು ಬೌದ್ಧಿಕ ನ್ಯೂನತೆ ಎಂಬ ಪ್ರಮಾಣಪತ್ರ ಸಿಕ್ಕಿತು. ಎರಡನೆಯವನಿಗೆ ಶೇ 25 ಎಂದು ಬರೆದುಕೊಟ್ಟರು. ಕಾನೂನಿನ ಸೌಲಭ್ಯಗಳಲ್ಲಿ ಹೆಚ್ಚಿನವು ಶೇ 40ರಿಂದ ಆರಂಭವಾಗುವುದರಿಂದ ಆ ಕಾಗದ ಇದ್ದೂ ಇಲ್ಲದಂತೆಯೇ ಆಯಿತು.

ಹಿಂದಿರುಗುವಾಗ ಎರಡನೆಯವನ ತಾಯಿ ನನ್ನನ್ನು ಕೇಳಿದರು: "ನನ್ನ ಮಗ ಮೂರು ಮಾರ್ಕು ಜಾಸ್ತಿ ತಗೊಂಡಿದ್ದಕ್ಕೆ ಏನೂ ಸಿಗಲಿಲ್ವಾ ಸರ್?"

ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಒಂದು ಮಗುವಿನ ಬುದ್ಧಿಯನ್ನು ಒಂದು ಮಧ್ಯಾಹ್ನದಲ್ಲಿ, ಮೂರು ಅಂಕಗಳ ನಿಖರತೆಯಲ್ಲಿ ಅಳೆಯಲು ನಿಜಕ್ಕೂ ಸಾಧ್ಯವೇ?

ಅಳತೆಗೋಲು

ಮೇಷ್ಟ್ರೇ, ನಾನು ಚಿಕಿತ್ಸಾ ಮನಃಶಾಸ್ತ್ರಜ್ಞೆ. ಇಂತಹ ತಪಾಸಣೆಗಳನ್ನು ನಡೆಸುವ ಮೇಜಿನ ಆಚೆ ಬದಿಯಲ್ಲಿ ಕುಳಿತವಳು. ತಮ್ಮ ಪ್ರಶ್ನೆಗೆ ನೇರ ಉತ್ತರ: ಸಾಧ್ಯವಿಲ್ಲ. ಅದನ್ನು ಪರೀಕ್ಷೆಯ ಶಾಸ್ತ್ರವೇ ಒಪ್ಪಿಕೊಳ್ಳುತ್ತದೆ. ಚೆನ್ನಾಗಿ ರೂಪಿಸಿದ ಬುದ್ಧಿ ಪರೀಕ್ಷೆಯಲ್ಲಿಯೂ ಸುಮಾರು 5 ಅಂಕಗಳ ಏರುಪೇರು ಇದ್ದೇ ಇರುತ್ತದೆ. ಆದ್ದರಿಂದ 68 ಮತ್ತು 71ರ ನಡುವೆ ವ್ಯತ್ಯಾಸವಿದೆ ಎಂದು ಯಾವ ಮನಃಶಾಸ್ತ್ರಜ್ಞರೂ ಧೈರ್ಯವಾಗಿ ಹೇಳಲಾರರು. ಆದರೆ ಆಗ ಜಾರಿಯಲ್ಲಿದ್ದ, 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಕೋಷ್ಟಕಕ್ಕೆ ಈ ಏರುಪೇರು ಕಾಣಿಸುತ್ತಿರಲಿಲ್ಲ (2024ರಲ್ಲಿ ಅದರ ಜಾಗಕ್ಕೆ ಹೊಸ ಮಾರ್ಗಸೂಚಿ ಬಂತು). ಸಾಮಾಜಿಕ ಪ್ರೌಢಿಮೆಯ ಮಾಪನದಲ್ಲಿ (ದಿನನಿತ್ಯದ ಕೆಲಸಗಳನ್ನು ಮಗು ಎಷ್ಟು ಸ್ವತಂತ್ರವಾಗಿ ಮಾಡುತ್ತದೆ ಎಂಬುದರ ಅಳತೆ) 55ರಿಂದ 69 ಬಂದರೆ ಶೇ 50, 70ರಿಂದ 84 ಬಂದರೆ ಶೇ 25 ಎಂದು ಅದರಲ್ಲಿ ಬರೆದಿತ್ತು. ಒಂದೇ ಅಂಕದಲ್ಲಿ ಶೇಕಡಾವಾರು ಅರ್ಧಕ್ಕೆ ಇಳಿಯುತ್ತಿತ್ತು.

ಇದಕ್ಕಿಂತ ಹೆಚ್ಚು ಬೇಸರದ ಸಂಗತಿ ಇನ್ನೊಂದಿದೆ. ಅದೇ ಮಾರ್ಗಸೂಚಿಯ ಪ್ರಕಾರ ನಿರ್ದಿಷ್ಟ ಕಲಿಕಾ ನ್ಯೂನತೆಯ (ಬುದ್ಧಿ ಸಾಕಷ್ಟಿದ್ದರೂ ಓದು, ಬರಹ ಅಥವಾ ಲೆಕ್ಕ ಹತ್ತದಿರುವುದು) ಪರೀಕ್ಷೆಗೆ ಮಗುವನ್ನು ಕೂರಿಸಬೇಕಾದರೆ ಬುದ್ಧಿಲಬ್ಧ (ಐಕ್ಯೂ) 85ಕ್ಕಿಂತ ಹೆಚ್ಚಿರಬೇಕಿತ್ತು. ಅಂದರೆ ತಮ್ಮ ಎರಡನೆಯ ಹುಡುಗ ಬೌದ್ಧಿಕ ನ್ಯೂನತೆಯ ಬಾಗಿಲಿಗೂ ಸಲ್ಲಲಿಲ್ಲ, ಕಲಿಕಾ ನ್ಯೂನತೆಯ ಬಾಗಿಲಿಗೂ ಸಲ್ಲಲಿಲ್ಲ. ಸರಾಸರಿ 100, ಪ್ರಮಾಣ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬುದರ ಅಳತೆ) 15 ಎಂದು ಹೊಂದಿಸಿದ ಯಾವುದೇ ಪರೀಕ್ಷೆಯಲ್ಲಿ 70ರಿಂದ 85ರ ನಡುವೆ ನೂರಕ್ಕೆ 13–14 ಮಕ್ಕಳು ಬರುತ್ತಾರೆ. ಮೂವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು ಎಂದು ಲೆಕ್ಕ ಹಾಕಿಕೊಳ್ಳಿ. ಆ ನಾಲ್ವರನ್ನು ಮೇಷ್ಟ್ರುಗಳು 'ಮಂದ' ಎನ್ನುತ್ತಾರೆ, ನಾವು ವರದಿಯಲ್ಲಿ 'ಗಡಿರೇಖೆ' ಎನ್ನುತ್ತೇವೆ, ಇಲಾಖೆ ಏನೂ ಅನ್ನುವುದಿಲ್ಲ.

ಇಷ್ಟು ಹೇಳಿದ ಮೇಲೆ ಪರೀಕ್ಷೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಪ್ಯಾರಿಸ್ಸಿನ ಆಲ್‌ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೋನ್ 1905ರಲ್ಲಿ ಮೊದಲ ಮಾಪನವನ್ನು ಸಿದ್ಧಪಡಿಸಿದ್ದು ಜಾಣರನ್ನು ಆರಿಸುವುದಕ್ಕಲ್ಲ. ಕಡ್ಡಾಯ ಶಿಕ್ಷಣದಿಂದಾಗಿ ಶಾಲೆಗೆ ಬಂದ ಮಕ್ಕಳಲ್ಲಿ ವಿಶೇಷ ಬೋಧನೆ ಯಾರಿಗೆ ಬೇಕು ಎಂಬುದನ್ನು ಶಿಕ್ಷಕರ ಕೋಪ-ತಾಪಕ್ಕೆ ಬಿಡದೆ ಗುರುತಿಸುವುದು ಅವರ ಉದ್ದೇಶವಾಗಿತ್ತು. ಬುದ್ಧಿ ಎನ್ನುವುದು ಹೆಚ್ಚಿಸಲಾಗದ ಸ್ಥಿರ ಮೊತ್ತವೆಂದು ವಾದಿಸುವವರ ಮೇಲೆ ಬಿನೆಗೆ ಸಿಟ್ಟೇ ಇತ್ತು. ಆತ 1911ರಲ್ಲಿ ತೀರಿಕೊಂಡ. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಪದ್ಧತಿ ತಂದ. 1916ರಲ್ಲಿ ಸ್ಟ್ಯಾನ್‌ಫೋರ್ಡಿನ ಲೂಯಿಸ್ ಟರ್ಮನ್ ಅದನ್ನು 100ರಿಂದ ಗುಣಿಸಿ ಐಕ್ಯೂ ಎಂದು ಪ್ರಚಾರ ಮಾಡಿದ. ಸಹಾಯಕ್ಕೆಂದು ಹುಟ್ಟಿದ ಅಳತೆ ಹನ್ನೊಂದೇ ವರ್ಷಗಳಲ್ಲಿ ದರ್ಜೆ ಹಚ್ಚುವ ಸಂಖ್ಯೆಯಾಗಿಬಿಟ್ಟಿತು.

ನಮ್ಮ ನಾಡಿಗೆ ಇದು ಬಂದ ಬಗೆಯೂ ತಿಳಿದುಕೊಳ್ಳುವಂಥದ್ದು. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ತರಬೇತಿ ಪಡೆದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. (ಮೈಸೂರಿನ ಆಕಾಶವಾಣಿಯನ್ನು ತಮ್ಮ ಮನೆಯಿಂದ ಆರಂಭಿಸಿದವರೂ ಇವರೇ.) ಅತ್ತ ಧಾರವಾಡದಲ್ಲಿ ವಿ. ವಿ. ಕಾಮತರು ಟರ್ಮನ್ನನ 1916ರ ಪರಿಷ್ಕರಣೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಅದೇ ಬಿನೆ–ಕಾಮತ್ ಪರೀಕ್ಷೆ. ಭಾರತೀಯ ಭಾಷೆಯ ಮಕ್ಕಳ ನಡುವೆ ಕುಳಿತು ಅವರದ್ದೇ ಮಾನಕ (ಅಂಕಗಳನ್ನು ಹೋಲಿಸಿ ನೋಡುವ ಕೋಷ್ಟಕ) ರೂಪಿಸಿದ ಆ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಆ ಪರೀಕ್ಷೆಯ ಪೆಟ್ಟಿಗೆ ಇಂದಿಗೂ ನಮ್ಮ ಕಪಾಟುಗಳಿಂದ ನಿವೃತ್ತಿಯಾಗಿಲ್ಲ ಎನ್ನುವುದು ಗೌರವದ ವಿಷಯವಲ್ಲ.

ತಾಂಡಾದ ಟೀಚರ್

ಮೇಲಿನ ಮಾಹಿತಿಗೆ ಧನ್ಯವಾದಗಳು ಮೇಡಂ. ನನ್ನದು ಕಲಬುರಗಿ ಕಡೆಯ ತಾಂಡಾ ಶಾಲೆ. ನಮ್ಮ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ, ಸಂತೆಯಲ್ಲಿ ಈ ಕಡೆಯ ಕನ್ನಡ ಆಡುತ್ತಾರೆ. ಪಠ್ಯಪುಸ್ತಕದ ಕನ್ನಡ ಅವರಿಗೆ ಮೂರನೆಯ ಭಾಷೆ. ಪರೀಕ್ಷಕರು "ಇವೆರಡರ ನಡುವಿನ ಸಾಮ್ಯತೆ ಏನು?" ಎಂದು ಕೇಳಿದಾಗ ಮಗು ಸುಮ್ಮನಿದ್ದರೆ, ಅದಕ್ಕೆ ಉತ್ತರ ತಿಳಿದಿಲ್ಲವೋ 'ಸಾಮ್ಯತೆ' ತಿಳಿದಿಲ್ಲವೋ ಎಂಬುದನ್ನು ಹಾಳೆಯ ಮೇಲಿನ ಸೊನ್ನೆ ಹೇಳುವುದಿಲ್ಲ.

ಭಾಷೆಯನ್ನು ತೆಗೆದು ಚಿತ್ರಗಳನ್ನಿಟ್ಟರೆ ಸಾಕೆಂದು ಹಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. 1931–32ರಲ್ಲಿ ಸೋವಿಯತ್ ಮನಃಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಉಜ್ಬೇಕಿಸ್ತಾನದ ಹಳ್ಳಿಗಳಲ್ಲಿ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ ಮತ್ತು ಮರದ ದಿಮ್ಮಿಯ ಚಿತ್ರ ತೋರಿಸಿ, ಯಾವುದು ಗುಂಪಿಗೆ ಸೇರುವುದಿಲ್ಲ ಎಂದು ಕೇಳಿದರು. ದಿಮ್ಮಿ ಉಪಕರಣವಲ್ಲ ಎಂಬುದು ಶಾಲೆಯ ಉತ್ತರ. ಓದುಬರಹ ಬಾರದ ರೈತರು ಎಲ್ಲವೂ ಬೇಕು ಎಂದರು. ದಿಮ್ಮಿಯೇ ಇಲ್ಲದಿದ್ದರೆ ಗರಗಸದಿಂದ ಏನು ಕೊಯ್ಯುವುದು ಎಂಬುದು ಅವರ ತರ್ಕ. ಕಳೆದ ವರ್ಷ ನಮ್ಮ ಮೂರನೇ ತರಗತಿಯಲ್ಲಿ ಕುಡುಗೋಲು, ಸಲಿಕೆ, ಕುರ್ಪಿ, ಜೋಳದ ತೆನೆ ಎಂದು ನಾನೇ ಚಿತ್ರ ಬರೆದು ಕೇಳಿದೆ. ಒಬ್ಬಳು ಎದ್ದು ನಿಂತು, "ಸಲಿಕಿ ಬ್ಯಾಡ್ರಿ ಟೀಚರ್, ಜ್ವಾಳಾ ಕೊಯ್ಯಾಕ ಸಲಿಕಿ ಯಾಕ ಬೇಕು?" ಎಂದಳು. ಕೀಲಿ ಉತ್ತರದ ಪ್ರಕಾರ ಅದು ತಪ್ಪು. ಅವಳು ಯೋಚಿಸಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ನನಗೆ ಇನ್ನೂ ತೋರಿಲ್ಲ.

ಇನ್ನೊಂದು ಸೂಕ್ಷ್ಮ. ಅಂಕಿಗಳನ್ನು ಒಂದೊಂದಾಗಿ ಹೇಳಿ ಮಗುವಿನಿಂದ ಪುನಃ ಹೇಳಿಸುವ ಅಭ್ಯಾಸ ಇಂತಹ ಪರೀಕ್ಷೆಗಳಲ್ಲಿ ಇರುತ್ತದೆಯಷ್ಟೆ. ಏಳು, ಎರಡು, ಒಂಬತ್ತು, ನಾಲ್ಕು, ಒಂದು ಎಂಬ ಐದು ಅಂಕಿಗಳನ್ನು ಕನ್ನಡದಲ್ಲಿ ಹೇಳಲು ಹನ್ನೆರಡು ಅಕ್ಷರ ಬೇಕು; ಸೆವೆನ್, ಟೂ, ನೈನ್, ಫೋರ್, ವನ್ ಎನ್ನಲು ಉಚ್ಚಾರಣೆಯ ಲೆಕ್ಕದಲ್ಲಿ ಅದರ ಅರ್ಧ ಸಾಕು. ವೇಲ್ಸ್‌ನಲ್ಲಿ ಇದೇ ಸಂಗತಿಯನ್ನು ಎಲ್ಲಿಸ್ ಮತ್ತು ಹೆನೆಲಿ ಎಂಬ ಸಂಶೋಧಕರು 1980ರಲ್ಲಿ ತೋರಿಸಿದ್ದಾರೆ: ವೆಲ್ಷ್ ಅಂಕಿಗಳನ್ನು ಉಚ್ಚರಿಸಲು ಹೆಚ್ಚು ಹೊತ್ತು ಹಿಡಿಯುವುದರಿಂದ ಆ ಭಾಷೆಯಲ್ಲಿ ನೆನಪಿಡಬಹುದಾದ ಅಂಕಿಗಳ ಸಂಖ್ಯೆ ಇಂಗ್ಲಿಷಿಗಿಂತ ಕಡಿಮೆ ಬರುತ್ತದೆ. ಹಾಗಾದರೆ ಕನ್ನಡದ ಮಗುವಿಗೆ ಮೊದಲೇ ಹೊರೆ ಹೆಚ್ಚಲ್ಲವೇ?

ಅಳತೆಗೋಲು

ಟೀಚರ್, ಕೊನೆಯ ವಾದವನ್ನು ಸ್ವಲ್ಪ ತಿದ್ದುತ್ತೇನೆ. ಕನ್ನಡದ ಮಗುವನ್ನು ಕನ್ನಡದ ಮಕ್ಕಳಿಂದಲೇ ರೂಪಿಸಿದ ಮಾನಕದ ಜೊತೆ ಹೋಲಿಸಿದರೆ ಆ ಹೊರೆ ಎಲ್ಲರಿಗೂ ಸಮಾನವಾಗಿರುತ್ತದೆ, ಹಾಗಾಗಿ ಅನ್ಯಾಯವಾಗುವುದಿಲ್ಲ. ತೊಂದರೆ ಆರಂಭವಾಗುವುದು ವಿದೇಶದ ಪರೀಕ್ಷೆಯನ್ನು ನಾವು ಕುಳಿತಲ್ಲೇ ಕನ್ನಡಕ್ಕೆ ಹೇಳಿಕೊಂಡು, ಅಂಕವನ್ನು ಮಾತ್ರ ವಿದೇಶದ ಕೋಷ್ಟಕದಲ್ಲಿ ನೋಡಿದಾಗ. ಕೆಲಸದ ಒತ್ತಡದಲ್ಲಿ ಅದು ನಡೆಯುತ್ತದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಲಂಬಾಣಿ ಮಗುವಿನ ವಿಷಯದಲ್ಲಿ ಮಾತ್ರ ತಮ್ಮ ಮಾತು ಸಂಪೂರ್ಣ ಸರಿ, ಏಕೆಂದರೆ ಆ ಮಗುವಿಗೆ ಮಾನಕವೇ ಇಲ್ಲ.

ಹಾಗೆಯೇ ಒಂದು ವಿನಂತಿ: ಬಳಕೆಯಲ್ಲಿರುವ ಪರೀಕ್ಷೆಗಳ ನಿಜವಾದ ಪ್ರಶ್ನೆಗಳನ್ನು ಯಾರೂ ಇಲ್ಲಿ ಹಾಕಬೇಡಿ. ಒಮ್ಮೆ ಹೊರಬಿದ್ದರೆ ಆ ಪ್ರಶ್ನೆ ಮುಂದಿನ ಮಗುವಿನಲ್ಲಿ ಏನನ್ನೂ ಅಳೆಯುವುದಿಲ್ಲ.

ನವೋದಯದ ಹಳೆಯ ವಿದ್ಯಾರ್ಥಿ

ಇಲ್ಲಿಯವರೆಗಿನ ಮಾತುಗಳನ್ನು ಓದಿದರೆ ಪರೀಕ್ಷೆ ಎಂದರೆ ಬಡ ಮಕ್ಕಳ ಶತ್ರು ಎಂಬಂತೆ ಕಾಣುತ್ತದೆ. ನನ್ನ ಅನುಭವ ಬೇರೆ. ನನ್ನ ತಂದೆ ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡುತ್ತಿದ್ದರು. ಐದನೇ ತರಗತಿಯಲ್ಲಿ ನನ್ನ ಅಂಕಪಟ್ಟಿ ಸಾಧಾರಣವಾಗಿತ್ತು, ಏಕೆಂದರೆ ನಾನು ವಾರಕ್ಕೆ ಮೂರು ದಿನ ಶಾಲೆಗೆ ಹೋದರೆ ಅದೇ ಹೆಚ್ಚು. ನವೋದಯ ಪ್ರವೇಶ ಪರೀಕ್ಷೆಯ 100 ಅಂಕಗಳಲ್ಲಿ 50 ಮಾನಸಿಕ ಸಾಮರ್ಥ್ಯಕ್ಕೆ ಮೀಸಲು: ಚಿತ್ರಗಳ ಸಾಲು, ಕನ್ನಡಿಯ ಪ್ರತಿಬಿಂಬ, ಹಾಳೆ ಮಡಿಸಿ ಕತ್ತರಿಸಿದರೆ ಹೇಗೆ ಕಾಣುತ್ತದೆ ಎಂಬಂತಹ 40 ಪ್ರಶ್ನೆಗಳು. ಅದನ್ನು ಕನ್ನಡದಲ್ಲೇ ಬರೆಯಬಹುದಿತ್ತು, ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗಿತ್ತು. ಸಂದರ್ಶನವಿದ್ದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಶಿಕ್ಷಕರ ಶಿಫಾರಸು ಬೇಕಿದ್ದರೆ ನನ್ನ ಹೆಸರು ಯಾರ ನಾಲಿಗೆಯ ಮೇಲೂ ಬರುತ್ತಿರಲಿಲ್ಲ. ಆ ಚಿತ್ರಗಳು ನನ್ನ ಅಂಗಿಯನ್ನು ನೋಡಲಿಲ್ಲ.

ಆದರೂ ಒಂದು ಮಾತನ್ನು ಮುಚ್ಚಿಡುವುದಿಲ್ಲ. ಈಗ ತಾಲ್ಲೂಕು ಕೇಂದ್ರಗಳಲ್ಲಿ ನವೋದಯಕ್ಕೆಂದೇ ತರಬೇತಿ ಕೊಠಡಿಗಳಿವೆ, ದಪ್ಪ ಗೈಡುಗಳಿವೆ. ನನ್ನ ಅಕ್ಕನ ಮಗಳಿಗೆ ಅದೇ ಚಿತ್ರಗಳನ್ನು ಆರು ತಿಂಗಳು ಬಿಡಿಸಿ ಬಿಡಿಸಿ ರೂಢಿಯಾದ ಮೇಲೆ, ಬಹಳ ವೇಗವಾಗಿ ಉತ್ತರ ಗುರುತಿಸುತ್ತಾಳೆ. ಆ ವೇಗದಲ್ಲಿ ಎಷ್ಟು ಪಾಲು ಅವಳ ಬುದ್ಧಿ, ಎಷ್ಟು ಪಾಲು ನಮ್ಮ ಭಾವ ಕಟ್ಟಿದ ಫೀಸು ಎಂದು ಬಿಡಿಸಿ ಹೇಳುವುದು ಕಷ್ಟ.

ಎರಡು ಮಕ್ಕಳ ತಾಯಿ

ಸಣ್ಣ ಪ್ರಶ್ನೆ. ಬೆಂಗಳೂರಿನಲ್ಲಿ ನನ್ನ ಮಗಳ ಶಾಲೆಯಲ್ಲಿ ಬೆರಳಚ್ಚು ತೆಗೆದುಕೊಂಡು, ಹುಟ್ಟಿನಿಂದ ಬಂದ ಬುದ್ಧಿಯ ವರದಿ ಕೊಡುತ್ತೇವೆ ಎಂದು ಹಣ ಕಟ್ಟಿಸಿಕೊಂಡರು. ಇಪ್ಪತ್ತೆರಡು ಪುಟಗಳ ಬಣ್ಣದ ಪುಸ್ತಕ ಬಂದಿದೆ, ಅವಳು ನೃತ್ಯಗಾತಿಯಾಗಬೇಕಂತೆ. ಇದೂ ಇದೇ ಜಾತಿಯ ಪರೀಕ್ಷೆಯೇ?

ಅಳತೆಗೋಲು

ಖಂಡಿತ ಅಲ್ಲ. ಬೆರಳಿನ ಗೆರೆಗೂ ಬುದ್ಧಿಗೂ ಅಂತಹ ಸಂಬಂಧವಿದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ. ಬುದ್ಧಿ ಪರೀಕ್ಷೆಯ ಮಿತಿಗಳ ಬಗ್ಗೆ ನಾವು ಇಷ್ಟು ಜಗಳವಾಡಲು ಸಾಧ್ಯವಾಗಿರುವುದೇ ಅದರ ಲೆಕ್ಕಗಳು ಬಯಲಿನಲ್ಲಿ ಇರುವುದರಿಂದ. ಆ ಪುಸ್ತಕದ ಬಗ್ಗೆ ಜಗಳವಾಡಲು ಏನೂ ಇಲ್ಲ. ಮಗಳಿಗೆ ನೃತ್ಯ ಇಷ್ಟವಿದ್ದರೆ ಕಲಿಸಿ.

ಫ್ರೀಮಾಂಟ್ ಕನ್ನಡಿಗ

ನಾನು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಹದಿನೇಳು ವರ್ಷವಾಯಿತು. ನನ್ನ ಮಗನಿಗೆ ವಿಶೇಷ ಶಿಕ್ಷಣದ ಮೌಲ್ಯಮಾಪನ ನಡೆದಾಗ ಇಲ್ಲಿನ ಇತಿಹಾಸವನ್ನು ಸ್ವಲ್ಪ ಓದಿಕೊಂಡೆ. ಮೇಷ್ಟ್ರ ಪ್ರಶ್ನೆ ಈ ನೆಲದಲ್ಲಿ ನ್ಯಾಯಾಲಯದ ಕಟ್ಟೆ ಹತ್ತಿದೆ.

1970ರ 'ಡಯಾನಾ' ಮೊಕದ್ದಮೆ ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳದು. ಇಂಗ್ಲಿಷಿನಲ್ಲಿ ಪರೀಕ್ಷಿಸಿ ಅವರನ್ನು ಮಂದಬುದ್ಧಿಯವರ ತರಗತಿಗೆ ಹಾಕಿದ್ದರು. ಸ್ಪ್ಯಾನಿಷ್ ಬಲ್ಲವರು ಮರುಪರೀಕ್ಷೆ ಮಾಡಿದಾಗ ಏಳು ಮಕ್ಕಳು ಆ ಗೆರೆಗಿಂತ ಮೇಲೆ ಬಂದರು. ತಾಂಡಾದ ಟೀಚರ್ ಹೇಳಿದ್ದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ತಿಳಿದಿಲ್ಲ.

ಅದರ ಹಿಂದೆಯೇ ಸ್ಯಾನ್ ಫ್ರಾನ್ಸಿಸ್ಕೋದ ಕಪ್ಪು ಮಕ್ಕಳ ಪರವಾಗಿ 'ಲ್ಯಾರಿ ಪಿ.' ಮೊಕದ್ದಮೆ ಬಂತು. ರಾಜ್ಯದ ವಿದ್ಯಾರ್ಥಿಗಳಲ್ಲಿ ಕಪ್ಪು ಮಕ್ಕಳು ಸುಮಾರು ಶೇ 10 ಇದ್ದರೆ, ಮಂದಬುದ್ಧಿಯವರ ತರಗತಿಗಳಲ್ಲಿ ಅವರ ಪಾಲು ಸುಮಾರು ಶೇ 25 ಇತ್ತು. ಆ ತರಗತಿಗಳು ಸಹಾಯದ ಹೆಸರಿನ ಮೂಲೆಗಳು. ಅಲ್ಲಿಗೆ ಹೋದ ಮಗು ಮುಖ್ಯ ತರಗತಿಗೆ ಮರಳುವುದು ಅಪರೂಪವಾಗಿತ್ತು. 1979ರಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕ್‌ಹಮ್, ಕಪ್ಪು ಮಕ್ಕಳನ್ನು ಅಂತಹ ತರಗತಿಗೆ ಸೇರಿಸಲು ಐಕ್ಯೂ ಪರೀಕ್ಷೆ ಬಳಸಕೂಡದೆಂದು ತೀರ್ಪು ನೀಡಿದರು. 1986ರಲ್ಲಿ ಆ ನಿಷೇಧ ವಿಶೇಷ ಶಿಕ್ಷಣದ ಎಲ್ಲ ಉದ್ದೇಶಗಳಿಗೂ ವಿಸ್ತರಣೆಯಾಯಿತು. ಆಮೇಲೆ ಏನಾಯಿತೆಂದರೆ, ಕೆಲವು ಕಪ್ಪು ತಂದೆತಾಯಿಯರೇ ನ್ಯಾಯಾಲಯಕ್ಕೆ ಬಂದು, ನಮ್ಮ ಮಕ್ಕಳಿಗೆ ಕಲಿಕಾ ನ್ಯೂನತೆ ಇದೆಯೇ ಎಂದು ತಿಳಿಯಲು ಆ ಪರೀಕ್ಷೆ ಬೇಕು, ಬಣ್ಣದ ಕಾರಣಕ್ಕೆ ನಿರಾಕರಿಸುವುದು ಇನ್ನೊಂದು ತಾರತಮ್ಯ ಎಂದರು. 1992ರಲ್ಲಿ ಅದೇ ಪೆಕ್‌ಹಮ್ ಆ ವಿಸ್ತರಣೆಯನ್ನು ಹಿಂತೆಗೆದುಕೊಂಡರು. ಪರೀಕ್ಷೆಯಿಂದಲೂ ಅನ್ಯಾಯ, ಪರೀಕ್ಷೆ ಇಲ್ಲದೆಯೂ ಅನ್ಯಾಯ ಎಂಬ ಈ ಇಕ್ಕಟ್ಟಿಗೆ ಯಾವ ತೀರ್ಪಿನಲ್ಲೂ ಪೂರ್ತಿ ಪರಿಹಾರ ಸಿಕ್ಕಿದಂತೆ ನನಗೆ ಕಾಣಲಿಲ್ಲ.

ಇನ್ನೊಂದು, ಶಾಲೆಯದ್ದಲ್ಲದಿದ್ದರೂ ಮೇಷ್ಟ್ರ ಮೂರು ಅಂಕಗಳಿಗೆ ನೇರವಾಗಿ ಸಂಬಂಧಿಸಿದ್ದು. ಬೌದ್ಧಿಕ ನ್ಯೂನತೆ ಇರುವವರಿಗೆ ಮರಣದಂಡನೆ ವಿಧಿಸಬಾರದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತ್ತು. ಫ್ಲಾರಿಡಾ ರಾಜ್ಯ 70ಕ್ಕೆ ಗೆರೆ ಎಳೆದು, 71 ಬಂದವನಿಗೆ ಬೇರೆ ಸಾಕ್ಷ್ಯ ಒದಗಿಸುವ ಅವಕಾಶವನ್ನೂ ಕೊಡುತ್ತಿರಲಿಲ್ಲ. 2014ರಲ್ಲಿ ಅದೇ ನ್ಯಾಯಾಲಯ, ಪರೀಕ್ಷೆಗೆ ತನ್ನದೇ ಏರುಪೇರು ಇರುವಾಗ ಒಂದೇ ಸಂಖ್ಯೆಯನ್ನು ಕಲ್ಲಿನ ಗೆರೆಯಂತೆ ಬಳಸಕೂಡದು ಎಂದು ಆ ನಿಯಮವನ್ನು ತಳ್ಳಿಹಾಕಿತು. ಆ ಮೊಕದ್ದಮೆಯ ಕೈದಿಯ ಅಂಕಗಳಲ್ಲಿ 71 ಕೂಡ ಒಂದು.

ಮಲೆನಾಡ ಮೇಷ್ಟ್ರು

71 ಎಂಬುದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅಳತೆಗೋಲು ಅವರಲ್ಲಿ ಒಂದು ಪ್ರಶ್ನೆ. ಹಳೆಯ ಮಾನಕ ಎಂದರೆ ಮಕ್ಕಳಿಗೆ ಅಂಕ ಕಡಿಮೆ ಬರುತ್ತದೆ ಎಂದೇ ನಾನು ಭಾವಿಸಿದ್ದೆ. ಹೌದೇ?

ಅಳತೆಗೋಲು

ಇಲ್ಲ, ಇದು ಹೆಚ್ಚಿನವರು ತಲೆಕೆಳಗಾಗಿ ತಿಳಿದಿರುವ ವಿಷಯ. ಇಪ್ಪತ್ತನೆಯ ಶತಮಾನದಲ್ಲಿ ಹಲವು ದೇಶಗಳ ಜನರು ಬುದ್ಧಿ ಪರೀಕ್ಷೆಗಳಲ್ಲಿ ಪಡೆಯುವ ಅಂಕ ತಲೆಮಾರಿನಿಂದ ತಲೆಮಾರಿಗೆ ಏರುತ್ತಾ ಬಂದಿರುವುದನ್ನು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದರು. ಅಮೆರಿಕದಲ್ಲಿ ಇದು ದಶಕಕ್ಕೆ ಸುಮಾರು 3 ಅಂಕ. ಶಾಲೆ, ಪೋಷಣೆ, ಚಿಕ್ಕ ಕುಟುಂಬ, ಚಿತ್ರ-ಚಿಹ್ನೆಗಳ ಪರಿಚಯ ಎಂದು ಅದಕ್ಕೆ ಹಲವು ಕಾರಣಗಳನ್ನು ಕೊಡುತ್ತಾರೆ. ಹಾಗಾಗಿ ಅಜ್ಜಂದಿರ ಕಾಲದ ಮಕ್ಕಳ ಸರಾಸರಿಯ ಜೊತೆ ಇಂದಿನ ಮಗುವನ್ನು ಹೋಲಿಸಿದರೆ ಅಂಕ ಇಳಿಯುವುದಿಲ್ಲ, ಉಬ್ಬುತ್ತದೆ. ಇಂದಿನ ತರಗತಿಯಲ್ಲಿ ಏಗಲಾರದ ಮಗುವಿಗೆ ಹಳೆಯ ಮಾನಕ 'ನೀನು ಚೆನ್ನಾಗಿಯೇ ಇದ್ದೀಯೆ' ಎಂದು ಹೇಳಿ ಕಳುಹಿಸಿಬಿಡಬಹುದು. ಅಂಕ ಕಡಿಮೆ ಬಂದರೆ ಅವಮಾನ ಎಂದು ಹೆದರುವ ಪೋಷಕರು ಈ ಅನ್ಯಾಯವನ್ನು ಗಮನಿಸುವುದೇ ಇಲ್ಲ.

ಇನ್ನು, ಮಗುವನ್ನು ಕಳುಹಿಸುವಾಗ ಶಾಲೆಯಿಂದ ಏನು ಮಾಡಬಹುದು ಎಂದರೆ: ಮಗುವಿನ ಮನೆಮಾತು ಯಾವುದು, ಶಾಲೆಗೆ ಎಷ್ಟು ದಿನ ಬಂದಿದೆ, ಕಣ್ಣು-ಕಿವಿ ಪರೀಕ್ಷೆಯಾಗಿದೆಯೇ, ತರಗತಿಯಲ್ಲಿ ಯಾವ ಕೆಲಸ ಒಂಟಿಯಾಗಿ ಮಾಡುತ್ತದೆ, ಯಾವುದಕ್ಕೆ ಕೈಹಿಡಿಯಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದು ಕಳುಹಿಸಿ. ನನ್ನ ಮೇಜಿಗೆ ಬರುವ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳ ಜೊತೆ ಇಂತಹ ಪುಟ ಇರುವುದಿಲ್ಲ. ವರದಿ ಬಂದಾಗ ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ, ಯಾವ ವರ್ಷದ ಮಾನಕ ಎಂದು ಕೇಳಿ. ಅಂಕವನ್ನು ಒಂದೇ ಸಂಖ್ಯೆಯಾಗಿ ಕೊಟ್ಟಿದ್ದರೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆಸಿಕೊಳ್ಳಿ. ಮಗು ಅಂದು ಅಸ್ವಸ್ಥವಾಗಿದ್ದರೆ ಬಾಯಿ ಬಿಟ್ಟು ಹೇಳಿ. ಬೇರೊಂದು ದಿನ ಕೊಡಿ ಎಂದು ಕೇಳುವ ಹಕ್ಕು ತಮಗಿದೆ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಹುಡುಗನ 68ರಲ್ಲಿ ಆ ತಿರುವುಗಳ ಪಾಲೂ ಇರಬಹುದು ಎನ್ನುವುದನ್ನು ಪರೀಕ್ಷಕರಿಗೆ ಯಾರೂ ಹೇಳಿರಲಾರರು.

ಮಲೆನಾಡ ಮೇಷ್ಟ್ರು

ಹೇಳಿರಲಿಲ್ಲ. ಹೇಳಿದರೆ ಹುಡುಗನಿಗೆ ಸಿಗಬೇಕಾದದ್ದು ತಪ್ಪುತ್ತದೆ ಎಂದು ಅಂದು ಹೇಳಲಿಲ್ಲ, ಈಗ ಒಪ್ಪಿಕೊಳ್ಳುತ್ತೇನೆ.

ಆ ಇಬ್ಬರು ಹುಡುಗರು ಮುಂದೆ ಏನಾದರು ಎಂಬುದನ್ನೂ ತಿಳಿಸುತ್ತೇನೆ. 68ರ ಹುಡುಗನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬಂತು. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ ಸಿಕ್ಕಿ, ಎರಡನೆಯ ಪ್ರಯತ್ನದಲ್ಲಿ ತೇರ್ಗಡೆಯಾದ. 71ರ ಹುಡುಗ ಒಂಬತ್ತನೇ ತರಗತಿಯ ದಸರಾ ರಜೆಯ ನಂತರ ಶಾಲೆಗೆ ಮರಳಲಿಲ್ಲ. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾನೆ; ಸಂತೆಯಲ್ಲಿ ಸಿಕ್ಕರೆ ದೂರದಿಂದಲೇ ನಮಸ್ಕಾರ ಮಾಡುತ್ತಾನೆ. ಇದಕ್ಕೆಲ್ಲ ಮೂರು ಅಂಕಗಳೇ ಕಾರಣ ಎಂದು ನಾನು ಹೇಳಲಾರೆ. ಮನೆಯ ಸ್ಥಿತಿಯೂ ಹಾಗೆಯೇ ಇತ್ತು. ಆದರೆ ಪ್ರಮಾಣಪತ್ರ ಇರುವವನ ಮೇಲೆ ನಾವೂ ಹೆಚ್ಚು ಗಮನ ಕೊಟ್ಟೆವು ಎಂಬುದು ಸತ್ಯ. ಅವನ ಹೆಸರು ಪಟ್ಟಿಯಲ್ಲಿತ್ತು, ಬಿಐಇಆರ್‌ಟಿ ಶಿಕ್ಷಕರು ತಿಂಗಳಿಗೊಮ್ಮೆ ಅವನನ್ನು ಕೇಳಿಕೊಂಡು ಬರುತ್ತಿದ್ದರು. ಇನ್ನೊಬ್ಬನನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಮುಂದಿನ ತಿಂಗಳ ತಪಾಸಣೆಗೆ ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ಹೆಸರಿದೆ. ಹಿಂದಿನ ಸಂಜೆಯೇ ಹೋಗಿ, ಅಲ್ಲಿ ಅವರ ಚಿಕ್ಕಮ್ಮನ ಮನೆಯಲ್ಲಿ ಉಳಿಯುವಂತೆ ಅವಳ ತಾಯಿಗೆ ಹೇಳಿದ್ದೇನೆ. ಜೊತೆಗೆ ಕೊಡುವ ಪುಟವನ್ನು ನಿನ್ನೆ ರಾತ್ರಿ ಬರೆದೆ. ಮನೆಮಾತು ಕೊಂಕಣಿ ಎಂಬುದು ಅದರ ಮೊದಲ ಸಾಲು.